ಎಡ ಹಿಂದಿನ ಚಕ್ರ

ಜ್ಯೋತಿಲಕ್ಷ್ಮಿ ಮಾಡಿದ್ದ ಕಳ್ಳತನ ಬಹಳ ಸಣ್ಣದು. ಕಂಪ್ಯೂಟರಿನಲ್ಲಿ ಒಂದು ಸಾಲು ಅಂಕಿಗಳನ್ನು ಅಳಿಸಿ, ಪಕ್ಕದ ಸಾಲಿನ ಅಂಕಿಗಳನ್ನೇ ಅಲ್ಲಿಗೂ ನಕಲು ಮಾಡಿ ಅಂಟಿಸಿದ್ದಳು. ಯಾರ ಮನೆಯ ಬೀಗವನ್ನೂ ಒಡೆದಿರಲಿಲ್ಲ, ಯಾರ ಜೇಬಿಗೂ ಕೈ ಹಾಕಿರಲಿಲ್ಲ. ಇಡೀ ಕೆಲಸಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಆಮೇಲೆ ಎದ್ದು ಹೋಗಿ ಕಾಫಿ ಕುಡಿದಿದ್ದಳು. ನಿದ್ದೆಯೂ ಚೆನ್ನಾಗಿಯೇ ಬಂದಿತ್ತು.

ಇಪ್ಪತ್ತೆಂಟು ದಿನ ಕಳೆದ ಮೇಲೆ, ಅಮಾವಾಸ್ಯೆಯ ಬೆಳಿಗ್ಗೆ ಹತ್ತೂವರೆಗೆ, ಕೊಳ್ಳೇಗಾಲದ ಮನೆಯಲ್ಲಿ ಕೂತು ಅವಳು ಮರುದಿನದ ವೈವಾಕ್ಕೆ ತಯಾರಿ ನಡೆಸಿದ್ದಾಗ ಮೈಸೂರಿನಿಂದ ಫೋನ್ ಬಂತು. ಮಾಡಿದವರು ಅವಳ ಗೈಡ್ ಪ್ರೊಫೆಸರ್ ಮಹದೇವಪ್ರಸಾದ್.

“ಜ್ಯೋತಿ, ಹೊರಗಿನ ಪರೀಕ್ಷಕರು ನಿನ್ನ ಥೀಸಿಸ್ ಓದಿ ಈಗ ತಾನೇ ಫೋನ್ ಮಾಡಿದ್ದರು. ಮೂರನೇ ಓಟದಲ್ಲಿ ಎಡ ಹಿಂದಿನ ಚಕ್ರದ ಶಾಖ, ಬಲ ಹಿಂದಿನ ಚಕ್ರದ ಶಾಖ, ಎರಡೂ ಒಂದೊಂದು ಸೆಕೆಂಡಿಗೂ ಒಂದೇ ಇದೆಯಂತೆ. ಪಾಯಿಂಟಿನ ಆಚೆಯ ಅಂಕಿಗಳೂ ಒಂದೇ. ಅದು ಹೇಗೆ ಸಾಧ್ಯ ಅಂತ ಕೇಳಿದರು. ಏನು ಹೇಳಲಿ?”

“ನೋಡಿ ಹೇಳ್ತೀನಿ ಸರ್.”

“ಬೇಗ ಹೇಳು. ಇದು ಎಡವಟ್ಟಾದರೆ ನಿನ್ನ ಎಂ.ಟೆಕ್. ಅಲ್ಲಿಗೇ ನಿಲ್ಲುತ್ತೆ. ನನ್ನ ಹೆಸರೂ ಹಾಳಾಗುತ್ತೆ.”

ಕದಿಯುವುದಕ್ಕೂ ಸ್ವಲ್ಪ ತಾಳ್ಮೆ ಬೇಕು. ಅಲ್ಲೊಂದು ಇಲ್ಲೊಂದು ಅಂಕಿಯನ್ನು ಹೆಚ್ಚು ಕಡಿಮೆ ಮಾಡಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈ ಹುಡುಗಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಮೊದಲ ಸಲಕ್ಕೇ ಪೆದ್ದಿಯ ಹಾಗೆ ಸಿಕ್ಕಿಬಿದ್ದಳು.

ಅವಳು ಓದುತ್ತಿದ್ದದ್ದು ಆಟೋಮೋಟಿವ್ ಇಂಜಿನಿಯರಿಂಗ್. ಆ ತರಗತಿಯಲ್ಲಿ ಹುಡುಗಿ ಅಂತ ಇದ್ದವಳು ಇವಳೊಬ್ಬಳೇ. ಮಲೆ ಮಹದೇಶ್ವರ ಬೆಟ್ಟದಿಂದ ಇಳಿಯುವ ಮಿನಿಬಸ್ಸಿನ ಬ್ರೇಕುಗಳು ಯಾವ ತಿರುವಿನಲ್ಲಿ ಎಷ್ಟು ಕಾಯುತ್ತವೆ ಎಂಬುದು ಥೀಸಿಸ್ಸಿನ ವಿಷಯ. ಬ್ರೇಕು ಮಿತಿಮೀರಿ ಕಾದರೆ ಹಿಡಿಯುವುದಿಲ್ಲ. ಎಷ್ಟು ತುಳಿದರೂ ಗಾಡಿ ಜಾರುತ್ತಲೇ ಇರುತ್ತದೆ. ಇದನ್ನು ಅಳೆಯಲು ಒಂದು ಬಸ್ಸು ಬೇಕಿತ್ತು. ಮೂರು ಜನ ಮಾಲೀಕರು ಅವಳನ್ನು ಬಾಗಿಲಿನಿಂದಲೇ ಸಾಗಹಾಕಿದ ಮೇಲೆ, ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸ್ವಂತ ಮಿನಿಬಸ್ಸು ಓಡಿಸುವ ಚಿಕ್ಕಪ್ಪ ಶಿವರಾಜು, “ಯಾರ್ನ ಯಾಕ್ ಕೇಳೀಯೆ ಮಗಾ, ನಮ್ದೇ ಗಾಡಿ ಇಲ್ವ” ಅಂದಿದ್ದ. ನಾಲ್ಕು ಚಕ್ರದ ಬ್ರೇಕಿನೊಳಗೂ ಅವಳು ಒಂದೊಂದು ಸೆನ್ಸರ್ ಕೂರಿಸಿ, ತಂತಿ ಎಳೆದು, ಡ್ರೈವರ್ ಸೀಟಿನ ಹಿಂದೆ ಶಾಖ ದಾಖಲಿಸುವ ಡಬ್ಬಿ ಇಟ್ಟಿದ್ದಳು. ಶಿವರಾಜು ಅದಕ್ಕೆ ‘ಜ್ವರ ನೋಡೋ ಕಡ್ಡಿ’ ಅಂತ ಹೆಸರಿಟ್ಟು, ಹತ್ತಿದವರಿಗೆಲ್ಲ ತೋರಿಸಿ, ನಮ್ಮ ಮಗಳು ಇಂಜಿನಿಯರ್ ಆದಮೇಲೂ ಇನ್ನೂ ಓದ್ತಾವ್ಳೆ ಎಂದು ಹೇಳಿಕೊಂಡು ತಿರುಗಿದ.

ಎರಡು ಓಟ ಸರಿಯಾಗಿಯೇ ಆಗಿತ್ತು. ಎಡ, ಬಲ ಎರಡೂ ಹೆಚ್ಚು ಕಡಿಮೆ ಒಂದೇ ಸಮ ಕಾದಿದ್ದವು. ಮೂರನೆಯ ಓಟದಲ್ಲಿ ಎಡ ಹಿಂದಿನ ಚಕ್ರ ನಲವತ್ತು ಡಿಗ್ರಿ ಕೂಡ ದಾಟಲಿಲ್ಲ. ಅವಳು ಚಿಕ್ಕಪ್ಪನನ್ನು ಕೇಳಿದಾಗ ಅವನು ಬೇರೆಲ್ಲೋ ನೋಡುತ್ತ, “ಚಕ್ರ ಬಿಚ್ಚಿದ್ವಲ್ಲ, ನಿನ್ ತಂತಿ ಕಿತ್ತೋಗಿರ್ಬೇಕು ಕಣವ್ವ” ಅಂದಿದ್ದ. ಅವಳೂ ಹಾಗೇ ಅಂದುಕೊಂಡಳು. ನಾಲ್ಕನೆಯ ಓಟಕ್ಕೆ ಸಮಯವಿರಲಿಲ್ಲ, ಮೂರು ಪೂರ್ಣ ಓಟವಿಲ್ಲದೆ ಥೀಸಿಸ್ ತೆಗೆದುಕೊಳ್ಳುವುದಿಲ್ಲವೆಂದು ಗೈಡ್ ಹೇಳಿದ್ದರು. ಸೆನ್ಸರ್ ಕೆಟ್ಟಿದೆ, ಚಕ್ರ ಬಲದ ಹಾಗೆಯೇ ಕಾದಿರುತ್ತದೆ, ಇರುವುದನ್ನೇ ತುಂಬಿದರೆ ತಪ್ಪೇನು ಎಂದು ತುಂಬಿದಳು.

ಈಗ ಸರಿಯಾದೊಂದು ನೆಪ ಹುಡುಕುವುದಕ್ಕೆಂದೇ ಅವಳು ಡಬ್ಬಿಯಿಂದ ಮೊದಲು ಇಳಿಸಿಕೊಂಡಿದ್ದ ಹಳೆಯ ಫೈಲು ತೆರೆದಳು. ಎಡ ಹಿಂದಿನ ಚಕ್ರದ ಅಸಲಿ ಅಂಕಿಗಳು ಅಲ್ಲೇ ಇದ್ದವು. ಮೂವತ್ತೊಂದು, ಮೂವತ್ತೊಂದು, ಮೂವತ್ತೆರಡು. ನಿಧಾನವಾಗಿ ಮೂವತ್ತೊಂಬತ್ತರವರೆಗೆ ಏರಿ, ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಬಸ್ಸು ನೆರಳಿಗೆ ನಿಂತಾಗ ಅಷ್ಟೇ ನಿಧಾನವಾಗಿ ಇಳಿದಿದ್ದವು.

ಅವಳು ಮತ್ತೆ ಮೊದಲ ಅಂಕಿಯಿಂದ ಓದಿದಳು.

ತಂತಿ ಕಿತ್ತುಹೋದ ಸೆನ್ಸರ್ ಹೀಗೆ ಹೇಳುವುದಿಲ್ಲ. ಅದು ಸೊನ್ನೆ ತೋರಿಸುತ್ತದೆ, ಇಲ್ಲ ಹುಚ್ಚುಹುಚ್ಚಾಗಿ ಸಾವಿರ ತೋರಿಸುತ್ತದೆ. ಬಿಸಿಲಿಗೆ ಬಿಸಿಯಾಗಿ ನೆರಳಿಗೆ ತಣ್ಣಗಾಗುವಷ್ಟು ಬುದ್ಧಿ ಕೆಟ್ಟ ಸೆನ್ಸರ್‌ಗೆ ಇರುವುದಿಲ್ಲ. ಅದು ಕೆಟ್ಟಿರಲೇ ಇಲ್ಲ. ಎಡ ಹಿಂದಿನ ಚಕ್ರ ನಿಜವಾಗಿಯೂ ತಣ್ಣಗಿತ್ತು, ಏಕೆಂದರೆ ಆ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಅದರ ಪಾಲಿನ ಕೆಲಸವೂ ಬಿದ್ದದ್ದಕ್ಕೆ ಬಲದ ಚಕ್ರ ಮುನ್ನೂರು ಡಿಗ್ರಿ ಮುಟ್ಟಿತ್ತು. ಅದೂ ಹನ್ನೆರಡು ಜನರನ್ನು ಕೂರಿಸಿಕೊಂಡು ಇಳಿದಾಗ. ಇವತ್ತು ಅಮಾವಾಸ್ಯೆ. ಬಸ್ಸು ಇವತ್ತು ಮೂವತ್ತಕ್ಕೆ ಕಡಿಮೆ ಇಲ್ಲದೆ ತುಂಬಿರುತ್ತದೆ.

ಮತ್ತು ಅವ್ವ ಅದರಲ್ಲಿದ್ದಳು. ಮಗಳ ವೈವಾ ಚೆನ್ನಾಗಿ ಆಗಲೆಂದು ಹರಕೆ ಹೊತ್ತು, ಗೋವಿಂದಮ್ಮ ಬೆಳಿಗ್ಗೆ ಆರಕ್ಕೆ ಬೀದಿಯ ನಾಲ್ಕು ಹೆಂಗಸರನ್ನು ಕರೆದುಕೊಂಡು ಮೈದುನನ ಬಸ್ಸಿಗೇ ಹತ್ತಿದ್ದಳು.

ಜ್ಯೋತಿ ಚಿಕ್ಕಪ್ಪನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಶಿವರಾಜು ಜಾಗರೂಕ ಡ್ರೈವರ್. ಬೆಟ್ಟದ ದಾರಿ ಶುರುವಾದರೆ ಫೋನ್ ಆಫ್ ಮಾಡಿ ಬೆಟ್ಟದ ದೇವರು ಮಾದಪ್ಪನ ಫೋಟೋದ ಮುಂದೆ ಇಟ್ಟುಬಿಡುತ್ತಿದ್ದ, ವಾಪಸು ತಾಳಬೆಟ್ಟಕ್ಕೆ ಇಳಿಯುವ ತನಕ ಮುಟ್ಟುತ್ತಿರಲಿಲ್ಲ. ಅವ್ವನಿಗೆ ಮಾಡಿದಳು. ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಫೋನು ಅಲ್ಲೇ ಹೊಡೆದುಕೊಂಡಿತು.

ಬಸ್ಸು ಬೆಟ್ಟ ಬಿಡುವುದು ಒಂದು ಗಂಟೆಗೆ. ಈಗ ಹತ್ತೂ ಮುಕ್ಕಾಲು. ಅವಳು ಸ್ಕೂಟರ್ ತೆಗೆದಳು.

ಕಾಮಗೆರೆ ದಾಟಿ ಹನೂರಿನಲ್ಲಿ ಒಂದು ಸಲ ನಿಲ್ಲಿಸಿ, ಬೆಟ್ಟದ ಬಸ್ ನಿಲ್ದಾಣದಲ್ಲಿ ಟೀ ಅಂಗಡಿ ಇಟ್ಟಿದ್ದ ರಂಗಸ್ವಾಮಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಅಮಾವಾಸ್ಯೆಯ ದಿನ ಅಂಗಡಿಯವನಿಗೆ ಫೋನ್ ಎತ್ತಲು ಕೈ ಎಲ್ಲಿರುತ್ತದೆ? ಕೌದಳ್ಳಿಯಲ್ಲಿ ಮತ್ತೆ ನಿಲ್ಲಿಸಿ ಹಚ್ಚಿದಳು. ಈ ಸಲ ಎತ್ತಿದ.

“ರಂಗಣ್ಣ, ನಾನು ಜ್ಯೋತಿ. ಚಿಕ್ಕಪ್ಪಂಗೆ ಹೇಳು, ಗಾಡಿ ತೆಗೀಬ್ಯಾಡ ಅನ್ನು. ಬ್ರೇಕಿಲ್ಲ ಅದಕ್ಕೆ!”

“ಏನವ್ವ? ಜೋರಾಗಿ ಯೋಳು, ಇಲ್ಲಿ ಜನ ಏನೂ ಕೇಳಕಾಗ್ದು.”

“ಶಿವರಾಜು! ಬಸ್ಸು! ಎಲ್ಲಿದೆ?”

“ಓ, ಶಿವ್ರಾಜಾ? ಜನ ಬೇಗ ತುಂಬ್ಕಂಡ್ರು, ಈಗ್ತಾನೆ ಒರಟೋದ ಕಣವ್ವ. ಐದ್ನಿಮ್ಸ ಆಗಿರ್ಬೋದು. ಯಾಕೆ?”

ಅವಳು ಫೋನ್ ಕಟ್ ಮಾಡಿದಳು. ಗಡಿಯಾರ ನೋಡಿದಳು. ಹನ್ನೆರಡು ಗಂಟೆ ಎರಡು ನಿಮಿಷ.

ಅಲ್ಲಿಂದ ಮುಂದಕ್ಕೆ ಅವಳ ತಲೆಯೊಳಗೆ ಬರೀ ಅಂಕಿ. ಮೂರನೆಯ ಓಟದ ನಕ್ಷೆ ಅವಳಿಗೆ ಬಾಯಿಪಾಠ, ವೈವಾಕ್ಕೆಂದೇ ಉರುಹೊಡೆದಿದ್ದಳು. ಹನ್ನೆರಡನೆಯ ನಿಮಿಷಕ್ಕೆ ಬಲ ಚಕ್ರ ಇನ್ನೂರು. ಇಪ್ಪತ್ತೈದಕ್ಕೆ ಮುನ್ನೂರು. ಅದು ಹನ್ನೆರಡು ಜನಕ್ಕೆ. ಮೂವತ್ತು ಜನಕ್ಕೆ ಎಷ್ಟು? ಪರೀಕ್ಷೆಯ ಹಾಳೆಯಲ್ಲಾದರೆ ಲೆಕ್ಕ ಮಾಡಿ ಕೆಳಗೆ ಎರಡು ಗೆರೆ ಎಳೆಯುತ್ತಿದ್ದಳು. ಈಗ ಲೆಕ್ಕ ಮಾಡಲು ಅವಳಿಗೇ ಹೆದರಿಕೆ. ಕಣ್ಣಲ್ಲಿ ನೀರು ಬರುತ್ತಿತ್ತು, ಗಾಳಿಗೋ ಅಳುವಿಗೋ ಅವಳಿಗೇ ಗೊತ್ತಾಗಲಿಲ್ಲ. ನಾನು ಕೊಂದೆ, ಅವ್ವನ್ನ ನಾನೇ ಕೊಂದೆ ಎಂದು ಹೆಲ್ಮೆಟ್ಟಿನೊಳಗೆ ಜೋರಾಗಿಯೇ ಹೇಳಿಕೊಂಡಳು.

ತಾಳಬೆಟ್ಟದ ತನಿಖಾ ಠಾಣೆಯಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ.

“ಸಾ, ಮೇಲಿಂದ ಒಂದು ಮಿನಿಬಸ್ಸು ಇಳೀತಾ ಇದೆ. ಅದಕ್ಕೆ ಬ್ರೇಕಿಲ್ಲ. ಹತ್ತೋ ಗಾಡಿಗಳನ್ನ ಇಲ್ಲೇ ನಿಲ್ಸಿ.”

“ಬ್ರೇಕಿಲ್ಲ ಅಂತ ನಿಂಗ್ಯಾರು ಯೋಳುದ್ರು?”

“ಕಂಪ್ಯೂಟರಲ್ಲಿ ನೋಡಿದೆ.”

ಅವನು ನಕ್ಕೇಬಿಟ್ಟ. ಆದರೆ ಅವಳ ಮುಖ ನೋಡಿ ಆ ನಗು ಅಲ್ಲಿಗೇ ನಿಂತಿತು. ಹಿಂದೆ ಬರುತ್ತಿದ್ದ ಕಾರಿಗೆ ಸೀಟಿ ಊದುತ್ತ ಅವಳಿಗೆ ದಾರಿ ಬಿಟ್ಟ.

ಅವಳು ಹತ್ತತೊಡಗಿದಳು. ಬರಿಗಾಲಲ್ಲಿ ಬೆಟ್ಟಕ್ಕೆ ನಡೆದು ಹೊರಟವರು ರಸ್ತೆಯಂಚಿನಲ್ಲಿ ಉಘೇ ಅನ್ನುತ್ತ ಸಾಗಿದ್ದರು. “ರಸ್ತೆ ಬುಟ್ ಓಗಿ, ಮರದ ಕಡೀಕ್ ಓಗಿ” ಎಂದು ಕೂಗುತ್ತಲೇ ಅವಳು ಅವರನ್ನು ದಾಟಿದಳು. ಒಂದು, ಎರಡು, ಮೂರು ತಿರುವು. ನಾಲ್ಕನೆಯ ತಿರುವಿನಲ್ಲಿ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ರಬ್ಬರಿನದ್ದಲ್ಲ, ಅದಕ್ಕಿಂತ ಖಾರ. ಕಾಲೇಜಿನ ಪ್ರಯೋಗಾಲಯದಲ್ಲಿ ಬ್ರೇಕಿನ ಪಟ್ಟಿಯನ್ನು ಬೇಕೆಂದೇ ಸುಟ್ಟು ನೋಡಿದಾಗ ಬಂದಿದ್ದ ವಾಸನೆ ಅದು. ಇಡೀ ಬೆಟ್ಟದಲ್ಲಿ ಆ ವಾಸನೆಯ ಅರ್ಥ ಅವಳಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

ತಲೆಯ ಮೇಲಿನ ರಸ್ತೆಯಲ್ಲಿ ಹಾರನ್ ಕೇಳಿಸಿತು. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮನೆ.

ಅವಳು ಸ್ಕೂಟರ್ ನಿಲ್ಲಿಸಿ ದುಪಟ್ಟಾ ಕೈಗೆ ತೆಗೆದುಕೊಂಡು ರಸ್ತೆಯ ನಡುವೆ ಓಡಿದಳು. ಓಡಿದವಳು ಅಲ್ಲೇ ನಿಂತಳು.

ಎಡದ ಬ್ರೇಕಿಲ್ಲದ ಗಾಡಿ ಜೋರಾಗಿ ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತದೆ. ಇದಕ್ಕೆ ಎಂ.ಟೆಕ್. ಓದಬೇಕಾಗಿಲ್ಲ, ಆದರೆ ಹೆದರಿಕೆಯಲ್ಲಿ ಅದು ನೆನಪಾಗಲು ಓದಿರಬೇಕು. ಅವಳು ನಿಂತಿದ್ದ ಜಾಗದಲ್ಲಿ, ಇಳಿಯುವ ಬಸ್ಸಿನ ಬಲಕ್ಕೆ ಏನಿತ್ತು? ಮೊಣಕಾಲೆತ್ತರದ ಕಟ್ಟೆ, ಅದರಾಚೆ ಕಣಿವೆ. ಇಲ್ಲಿ ದುಪಟ್ಟಾ ಬೀಸಿದರೆ ಚಿಕ್ಕಪ್ಪ ಗಾಬರಿಯಾಗಿ ಬ್ರೇಕ್ ತುಳಿಯುತ್ತಾನೆ, ಬಸ್ಸು ನೇರ ಕಣಿವೆಗೆ. ಕೆಳಗಿನ ತಿರುವು ದಾಟಿದರೆ ಗುಡ್ಡ ಬಲಕ್ಕೆ ಬರುತ್ತದೆ. ಆದರೆ ಅಲ್ಲಿಯ ತನಕ ಬ್ರೇಕು ಉಳಿದಿರುತ್ತದೆಯೇ? ಇನ್ನೊಂದು ತಿರುವು ತೆಗೆದುಕೊಳ್ಳುವಷ್ಟು ಅದರಲ್ಲಿ ಜೀವ ಇದೆಯೇ? ಇಂಥದ್ದು ಆಗುತ್ತದೆಂದು ಮೂರನೆಯ ಓಟ ಮೊದಲೇ ಹೇಳಿತ್ತು. ಹಾಗೆ ಹೇಳಿದ ಸಾಲನ್ನು ಅವಳು ತನ್ನ ಕೈಯಾರೆ ಅಳಿಸಿದ್ದಳು.

ಮೇಲಿನ ತಿರುವಿನಲ್ಲಿ ಬಸ್ಸಿನ ಹಳದಿ ಮೂತಿ ಕಂಡಿತು.

ಕೈ ಎತ್ತಬೇಕೆಂದು ಅವಳ ಮೈಯೆಲ್ಲ ಒದರುತ್ತಿತ್ತು. ಎತ್ತಲಿಲ್ಲ. ಸ್ಕೂಟರ್ ತಿರುಗಿಸಿ, ಬಂದ ದಾರಿಯಲ್ಲೇ ಬಸ್ಸಿನ ಮುಂದೆ ಕೆಳಕ್ಕೆ ಓಡಿಸಿದಳು. ಬೆನ್ನ ಹಿಂದೆ ಹಾರನ್ ದೊಡ್ಡದಾಗುತ್ತ ಬಂತು. ತಿರುವು ದಾಟಿ, ಗುಡ್ಡದ ಮಗ್ಗುಲಿನ ನೇರ ದಾರಿಗೆ ಬಿದ್ದು, ಸ್ಕೂಟರನ್ನು ಚರಂಡಿಗೆ ಕೆಡವಿ, ರಸ್ತೆಯ ನಡುವೆ ನಿಂತು ದುಪಟ್ಟಾ ಬೀಸಿದಳು.

ಬಸ್ಸು ತಿರುವಿನಿಂದ ಹೊರಬಂತು. ಗಾಜಿನ ಹಿಂದೆ ಚಿಕ್ಕಪ್ಪನ ಬಾಯಿ ತೆರೆದುಕೊಂಡದ್ದು ಕಂಡಿತು. ಅವನು ತುಳಿದ. ಬಸ್ಸು ಮೂಗನ್ನು ಬಲಕ್ಕೆ ತಿರುಗಿಸಿತು, ನಿಲ್ಲಲಿಲ್ಲ. ಗೇರ್ ಇಳಿಸಿದ ಸದ್ದು ಕೇಳಿಸಿತು, ಇಂಜಿನ್ ಅರಚಿತು. “ಗುಡ್ಡಕ್ಕೆ ಬುಡು ಚಿಕ್ಕಪ್ಪ! ಗುಡ್ಡಕ್ಕೆ ಒರಗ್ಸು!” ಎಂದು ಅವಳು ಗಂಟಲು ಹರಿಯುವಂತೆ ಕಿರುಚಿದಳು. ಕೇಳಿಸಿತೋ, ತಾನಾಗಿಯೇ ಹೊಳೆಯಿತೋ, ಶಿವರಾಜು ಸ್ಟೇರಿಂಗ್ ಬಿಗಿಹಿಡಿಯುವುದನ್ನು ಬಿಟ್ಟು ಅದು ಎಳೆದ ಕಡೆಗೇ ಹೋಗಗೊಟ್ಟ. ಬಲಗಡೆಯ ಚಕ್ರಗಳು ಚರಂಡಿಗೆ ಇಳಿದವು. ಬಸ್ಸಿನ ಪಕ್ಕೆ ಕಲ್ಲಿಗೆ ಉಜ್ಜಿ, ಕಿಟಕಿಯ ಗಾಜು ಪುಡಿಯಾಗಿ, ತಗಡು ಸೀಳಿ, ಅವಳಿಂದ ಎಂಟು ಮಾರು ದೂರದಲ್ಲಿ ನಿಂತಿತು.

ಬಸ್ಸಿನೊಳಗೆ ಎಲ್ಲರೂ ಒಟ್ಟಿಗೆ ಕೂಗಿಕೊಂಡರು.

ಸತ್ತವರಿರಲಿಲ್ಲ. ಒಬ್ಬ ಮುದುಕಿಯ ಹಣೆ ಒಡೆದಿತ್ತು, ಒಬ್ಬನ ಭುಜ ಜಾರಿತ್ತು. ಗೋವಿಂದಮ್ಮ ಬಳೆ ಚೂರು ಚುಚ್ಚಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದಳು. ಮಗಳನ್ನು ಕಂಡು, “ನೀನ್ಯಾಕ್ ಬಂದೆ ಇಲ್ಗೆ?” ಎಂದಷ್ಟೇ ಕೇಳಿದಳು. ಜ್ಯೋತಿ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಬಲ ಹಿಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಹನೂರು ಕಡೆಯ ಪುಟ್ಟಬಸಪ್ಪ ಎಂಬ ಹಿರಿಯರು, ಪೇಟ ಕಳೆದುಕೊಂಡ ತಲೆಯಲ್ಲಿ, ಶಿವರಾಜುವಿನ ಅಂಗಿ ಹಿಡಿದು ಕೇಳಿದರು.

“ಏನ್ಲಾ ಆಗಿದ್ದು ನಿನ್ ಗಾಡೀಗೆ?”

ಶಿವರಾಜು ಸುಳ್ಳು ಹೇಳಲಿಲ್ಲ. “ಎಡಗಡೆ ಇಂದಿನ ಚಕ್ರದಲ್ಲಿ ಬ್ರೇಕ್ ಆಯಿಲ್ ಸೋರ್ತಿತ್ತು ಸಾ. ಗ್ಯಾರೇಜಲ್ಲಿ ಆ ಚಕ್ರದ ಪೈಪ್ ಮಡ್ಚಿ ಬಂದ್ ಮಾಡ್ಕೊಟ್ರು. ಎಲ್ರೂ ಮಾಡ್ತಾರೆ ಸಾ, ಸಾಮಾನು ಬರೋಗಂಟ. ಮೂರ್ ಚಕ್ರದಲ್ಲೇ ಓಡುಸ್ತಾರೆ.”

“ಸಾಮಾನು ಬರ್ಲಿಲ್ವ?”

“ಬಂತು. ಸೀಟ್ ಕೆಳ್ಗೇ ಅದೆ. ಗಾಡಿ ಚೆನ್ನಾಗೇ ಓಡ್ತಾ ಇತ್ತಲ್ಲ ಅಂತ... ಆಕುಸ್ಬೇಕು ಆಕುಸ್ಬೇಕು ಅಂತ ಅಂಗೇ ಬುಟ್ಬುಟ್ಟೆ.”

ಆಮೇಲೆ ಅವನ ಮೇಲೆ ಮಾತಿನ ಮಳೆಯೇ ಸುರಿಯಿತು. ಮೂವತ್ತು ಜನ, ಬಾಯಿಗೆ ಬಂದದ್ದೆಲ್ಲ. ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸರು ಮಣ್ಣು ತೂರಿದರು. ಯಾರೋ ಕೆನ್ನೆಗೆ ಹೊಡೆದರು. ಅವನು ತಡೆಯಲಿಲ್ಲ. ರಸ್ತೆಯಂಚಿನ ಕಟ್ಟೆಯ ಮೇಲೆ, ಕಣಿವೆಗೆ ಬೆನ್ನು ಹಾಕಿ, ತಲೆ ತಗ್ಗಿಸಿ ಒಬ್ಬನೇ ಕೂತ. ಅದೇ ಜನ ತಿರುಗಿ ಬಂದು ಜ್ಯೋತಿಯ ಕೈ ಹಿಡಿದುಕೊಂಡರು.

“ಮಾದಪ್ಪನೇ ಕಳ್ಸವ್ನೆ ಕಣವ್ವ ನಿನ್ನ. ಯಾವ್ ತಾಯಿ ಎತ್ಲೋ.”

“ಈ ಕೂಸು ಇಲ್ದಿದ್ರೆ ಇವತ್ತು ನಮ್ ಎಲುಬು ಕೂಡ ಸಿಕ್ತಿರ್ಲಿಲ್ಲ.”

ಗೋವಿಂದಮ್ಮನ ಮುಖದಲ್ಲಿ ಹೆದರಿಕೆಯ ನಡುವೆಯೂ ಒಂದು ಹೆಮ್ಮೆ ಮೂಡಿತು. “ನಮ್ ಮಗ್ಳು. ಗಾಡಿ ವಿದ್ಯೇನೇ ಓದ್ತಿರೋದು” ಎಂದಳು. ಜ್ಯೋತಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾತೆತ್ತದೆ ಸುಮ್ಮನಿದ್ದರೆ ಸಾಕು, ಎಲ್ಲವೂ ಹೀಗೇ ಉಳಿದುಬಿಡುತ್ತಿತ್ತು. ಅವಳು ಸುಮ್ಮನೇ ಇದ್ದಳು.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಗೈಡ್. ಆ ಜಾಗದಲ್ಲಿ ಸಿಗ್ನಲ್ ಸಿಕ್ಕಿದ್ದೇ ಹೆಚ್ಚು. ಮಾತು ತುಂಡುತುಂಡಾಗಿ ಬರುತ್ತಿತ್ತೆಂದು ಸ್ಪೀಕರ್ ಹಾಕಿದಳು.

“ಜ್ಯೋತಿ, ಗಾಬರಿಯಾಗಬೇಡ. ನಾನು ಪರೀಕ್ಷಕರ ಹತ್ತಿರ ಮಾತಾಡಿದೆ. ಆ ಡಬ್ಬಿಯ ಸಾಫ್ಟ್‌ವೇರ್ ತಪ್ಪಿನಿಂದ ಒಂದೇ ಅಂಕಿ ಎರಡು ಸಲ ಬಿದ್ದಿರಬಹುದು ಅಂದೆ. ಅವರು ಒಪ್ಪೋ ಹಾಗಿದ್ದಾರೆ. ನಾಳೆ ನೀನೂ ಅಷ್ಟೇ ಹೇಳು. ನಿನ್ನ ಡಿಗ್ರಿ ನಿನಗೆ ಸಿಗುತ್ತೆ. ಕೇಳಿಸ್ತಾ?”

ಜ್ಯೋತಿ ಕಟ್ಟೆಯ ಕಡೆ ನೋಡಿದಳು. ಚಿಕ್ಕಪ್ಪನ ಕೆನ್ನೆಯ ಮೇಲೆ ಐದು ಬೆರಳು ಎದ್ದಿದ್ದವು.

“ಕೇಳಿಸ್ತು ಸರ್. ಸಾಫ್ಟ್‌ವೇರ್ ತಪ್ಪಲ್ಲ. ಎಡದ ಚಕ್ರದ ಅಂಕಿ ಸರಿಯಾಗೇ ಬಂದಿತ್ತು. ಆ ಚಕ್ರದಲ್ಲಿ ಬ್ರೇಕಿಲ್ಲ ಅಂತ ಅದು ಹೇಳಿತ್ತು. ನಾನು ಅದನ್ನ ಅಳಿಸಿ ಬಲದ್ದನ್ನ ತುಂಬಿದೆ. ನಾಳೆ ಬಂದು ಇದನ್ನೇ ಹೇಳ್ತೀನಿ.”

“ಜ್ಯೋತಿ, ಯೋಚನೆ ಮಾಡು. ಎರಡು ವರ್ಷ...”

“ಮಾಡಿದೆ ಸರ್.”

ಅವಳು ಫೋನ್ ಇಟ್ಟಳು. ಸುತ್ತ ನಿಂತವರಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅವಳ ಕೈ ಹಿಡಿದಿದ್ದ ಹೆಂಗಸು ಮೆಲ್ಲಗೆ ಕೈ ಬಿಟ್ಟಳು. ಗೋವಿಂದಮ್ಮನಿಗೆ ಮಾತ್ರ ಪೂರ್ತಿ ಅರ್ಥವಾಗಿತ್ತು.

“ಬ್ರೇಕಿಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿರ್ಲಿಲ್ಲ ಅವ್ವ. ಗೊತ್ತಾಗ್ಬೇಕಿತ್ತು. ಅದು ತೋರಿಸ್ತಾ ಇತ್ತು. ನನಗೆ ಬ್ಯಾಡಾಗಿತ್ತು, ಅಳಿಸ್ಬುಟ್ಟೆ.”

“ಎಸ್ಟ್ ದಿನ್ದಿಂದ?”

“ಇಪ್ಪತ್ತೆಂಟು ದಿನ.”

ಗೋವಿಂದಮ್ಮ ಸೆರಗಿನೊಳಗಿನ ಕೈಯನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದುಕೊಂಡಳು. ಮೈದುನನನ್ನು ನೋಡಿದಳು, ಮಗಳನ್ನು ನೋಡಿದಳು. ಇಪ್ಪತ್ತೆಂಟು ದಿನ, ದಿನಕ್ಕೆ ಒಂದು ಸಲವಾದರೂ, ಜನರನ್ನು ಕೂರಿಸಿಕೊಂಡು ಬಸ್ಸು ಈ ದಾರಿಯಲ್ಲೇ ಇಳಿದಿತ್ತು.

“ಓಗು” ಅಂದಳು. “ಅವ್ನ ಪಕ್ಕದಲ್ಲಿ ಕುಂತ್ಕ ಓಗು.”

ಜ್ಯೋತಿಲಕ್ಷ್ಮಿ ಎಲ್ಲರ ಎದುರಿಗೆ ರಸ್ತೆ ದಾಟಿ ಕಟ್ಟೆಯ ಹತ್ತಿರ ಹೋದಳು. ಶಿವರಾಜು ತಲೆ ಎತ್ತಲಿಲ್ಲ. ಸ್ವಲ್ಪ ಸರಿದು, ಅವಳಿಗೆ ಕೂರಲು ಜಾಗ ಮಾಡಿಕೊಟ್ಟ.